ಗುಬ್ಬಿ ಡಬ್ಬಿ ಮಾಡಿದಾಕಿ

"ಇಲಿ ಸಾಕೀರೇನ್ರಿ ನೀವು?"

ರಾಣೆಬೆನ್ನೂರಿನ ಆ ಓಣಿಗೆ ಬಾಡಿಗೆಗೆ ಬಂದ ಮರುದಿನ ಬೆಳಿಗ್ಗೆಯೇ ಜಾಕೀರ್ ಒಂದು ಬೂಟು ಕೈಯಲ್ಲಿ ಹಿಡಿದು ಪಕ್ಕದ ಮನೆಯ ಬಾಗಿಲಲ್ಲಿ ನಿಂತಿದ್ದ. ಬೂಟಿನ ಹಿಂಭಾಗವನ್ನು ಇಲಿ ಕಡಿದು ತಿಂದಿತ್ತು.

ಬಾಗಿಲು ತೆರೆದ ಕೈಸರ ಬೂಟನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿದಳು. ಸಿಟ್ಟಾಗಲು ಬಹಳ ಕಷ್ಟಪಡುತ್ತಿದ್ದ ಮುಖ. ಕಣ್ಣುಗಳು ಮಾತ್ರ ಅದಕ್ಕೆ ಒಪ್ಪಿರಲಿಲ್ಲ.

"ನಾ ಗುಬ್ಬಿಗೆ ಕಾಳ ಹಾಕ್ತೇನ್ರಿ. ಇಲಿ ಕರೀಲಾರದ ಬರ್ತಾವ."

"ಹಂಗಾದ್ರ ನನ್ನ ಬೂಟಿಗೆ ಹೊಣಿ ಯಾರು?"

"ಬೂಟ ಹೊರಗ ಇಟ್ಟವರು."

ಅವನು ನಕ್ಕುಬಿಟ್ಟ. ಅವಳಿಗೆ ನಗು ಬಂದರೂ ತುಟಿ ಕಚ್ಚಿಕೊಂಡು ಬಾಗಿಲು ಹಾಕಿದಳು.

ಆದರೆ ದೂರು ಸುಳ್ಳಾಗಿರಲಿಲ್ಲ. ಜಾಕೀರನ ಮನೆಯೊಡತಿ ಫಕ್ಕೀರವ್ವ ಕೂಡ ಅದನ್ನೇ ಹೇಳುತ್ತ ಬಂದಿದ್ದಳು. ಕೈಸರ ಮಾಳಿಗೆಯ ಮೇಲೆ ತಾಟಿನಲ್ಲಿ ಕಾಳು ಇಡುತ್ತಿದ್ದಳು. ಗುಬ್ಬಿ ತಿನ್ನುವುದಕ್ಕಿಂತ ಚೆಲ್ಲುವುದೇ ಹೆಚ್ಚು. ಉಳಿದದ್ದನ್ನು ಪಾರಿವಾಳಗಳು ನುಂಗುತ್ತಿದ್ದವು, ಕೆಳಗೆ ಬಿದ್ದದ್ದಕ್ಕೆ ಇಲಿ ಬರುತ್ತಿದ್ದವು.

"ಇನ್ನೊಂದ ಸಲ ನನ್ನ ಅಡಗಿ ಮನ್ಯಾಗ ಇಲಿ ಕಂಡ್ರ, ನಿನ್ನ ತಾಟ ಎತ್ತಿ ಒಗೀತೇನಿ ನೋಡು!" ಎಂದಿದ್ದಳು ಫಕ್ಕೀರವ್ವ.

ಕೈಸರಳ ತಂದೆ ಚಾಂದಸಾಬನದು ತಗಡಿನ ಅಂಗಡಿ. ಟ್ರಂಕು, ಕಾಳಿನ ಡಬ್ಬಿ, ಎಣ್ಣೆ ಸುರಿಯುವ ಲಾಳಿಕೆ ಮಾಡಿ ಮಾರುತ್ತಿದ್ದ. ಕಾಲೇಜು ಮುಗಿಸಿದ ಮೇಲೆ ಕೈಸರಳೂ ಅವನ ಜೊತೆ ಕತ್ತರಿ ಹಿಡಿದಿದ್ದಳು. ಗುಬ್ಬಿಗಷ್ಟೇ ಸಿಗುವ, ಕಾಳು ಚೆಲ್ಲದ ಒಂದು ಡಬ್ಬಿ ಮಾಡಬೇಕೆಂದು ಅವಳು ಅಂದೇ ನಿಶ್ಚಯಿಸಿದಳು.

ಮೊದಲ ಡಬ್ಬಿ ಪಾರಿವಾಳಗಳ ಪಾಲಾಯಿತು. ಕೂರುವ ಕಡ್ಡಿಗಳನ್ನು ಗಿಡ್ಡ ಮಾಡಿದಳು. ಗುಬ್ಬಿ ಕೂತಿತು, ಪಾರಿವಾಳ ರೆಕ್ಕೆ ಬಡಿದು ಸೋತಿತು. ಆದರೂ ಕಾಳು ಕೆಳಗೆ ಬೀಳುತ್ತಲೇ ಇತ್ತು.

ಪಕ್ಕದ ಮಾಳಿಗೆಯಿಂದ ಜಾಕೀರ್ ದಿನಾ ನೋಡುತ್ತಿದ್ದ. ಅವನು ಒಂದು ಬೀಜದ ಕಂಪನಿಯಲ್ಲಿ ಮಾರ್ಕೆಟಿಂಗ್ ಕೆಲಸದವ. ಬ್ಯಾಡಗಿ, ಹಾವೇರಿ ಎಂದು ಬೈಕಿನಲ್ಲಿ ತಿರುಗುವವನು. ಹೊರಡುವ ಮುಂಚೆ ಹಲ್ಲುಜ್ಜುವ ನೆಪದಲ್ಲಿ ಮಾಳಿಗೆ ಹತ್ತುತ್ತಿದ್ದ. ಅವನಷ್ಟು ಹೊತ್ತು ಹಲ್ಲುಜ್ಜುವವರನ್ನು ಕೈಸರ ಬೇರೆ ನೋಡಿರಲಿಲ್ಲ.

"ಅಲ್ಲಾ, ಅಷ್ಟ ಯಾಕ ಚೆಲ್ತಾವ್ರಿ ಅವು?"

"ಅದನ್ನ ನೋಡಾಕತ್ತೇನಿ. ಸುಮ್ಮ ಇರ್ರಿ."

ನೋಡುತ್ತ ನೋಡುತ್ತ ಅವಳಿಗೆ ಹೊಳೆಯಿತು. ಜೋಳ, ಸಜ್ಜೆ, ನವಣೆ ಎಲ್ಲ ಕೂಡಿಸಿ ಹಾಕಿದರೆ ಗುಬ್ಬಿ ನವಣೆಗಾಗಿ ಹುಡುಕಿ ಉಳಿದದ್ದನ್ನೆಲ್ಲ ಕೊಕ್ಕಿನಿಂದ ಎಸೆಯುತ್ತಿತ್ತು. ಬರೀ ನವಣೆ ಹಾಕಿದರೆ ಹೇಗೆ ಎಂದು ಜಾಕೀರನಿಗೂ ಹೇಳಿದಳು.

ಮರುದಿನ ಜಾಕೀರ್ ಪೇಟೆಯಿಂದ ನವಣೆ ತಂದು ಎರಡು ಮಾಳಿಗೆಗಳ ನಡುವಿನ ಗೋಡೆಯ ಮೇಲಿಟ್ಟ.

"ಕಂಪನಿ ಬೀಜಾನ ತಂದಕೊಡ್ತಿದ್ದೆ. ಆದ್ರ ಅದಕ್ಕ ಔಷಧ ಹಚ್ಚಿರ್ತಾರ, ಹಕ್ಕಿ ಜೀವಕ್ಕ ಆಗೂದಿಲ್ಲ. ಇದು ತಿನ್ನೂ ಕಾಳು."

ಅವನು ಅಷ್ಟು ಯೋಚಿಸಿ ತಂದಿದ್ದು ಅವಳಿಗೆ ಹಿತವಾಯಿತು. ಚೀಲ ತೆಗೆದುಕೊಳ್ಳುವಾಗ ಬೆರಳು ತಾಗಿತು. ಇಬ್ಬರೂ ಗುಬ್ಬಿಗಳ ಕಡೆ ನೋಡಿದರು.

ಕಾಳು ಚೆಲ್ಲುವುದು ಕಡಿಮೆಯಾಯಿತು. ಬಿದ್ದಷ್ಟನ್ನು ಹಿಡಿಯಲು ಅವಳು ಕೆಳಗೊಂದು ತಟ್ಟೆ ಕೂಡಿಸಿದಳು, ಮಳೆನೀರು ಇಳಿಯಲು ಅದಕ್ಕೆ ಸಣ್ಣ ತೂತು ಹೊಡೆದಳು. ಹಕ್ಕಿಯ ಕಾಲು ಕೊಯ್ಯದಂತೆ ತಗಡಿನ ಅಂಚನ್ನು ಎರಡು ಸಲ ಒಳಕ್ಕೆ ಮಡಿಚಿದಳು. ಕೊನೆಗೆ ಡಬ್ಬಿ ತೂಗುವ ಸರಳಿಗೆ ಲಾಳಿಕೆಯೊಂದನ್ನು ಬೋರಲಾಗಿ ತೊಡಿಸಿದಳು. ಸರಳಿಗುಂಟ ಇಳಿದ ಅಳಿಲು ಲಾಳಿಕೆಯ ಮೇಲೆ ಕಾಲಿಟ್ಟು ಜಾರಿ ತುಳಸಿ ಕುಂಡದಲ್ಲಿ ಬಿತ್ತು. ಬಿದ್ದ ನಾಚಿಕೆಗೆ ಬಾಲ ನಿಗುರಿಸಿ ಓಡಿತು. ಕುಂಡ ಫಕ್ಕೀರವ್ವನದು. ಅವಳೂ ನಕ್ಕಳು.

"ನನ್ನೂ ಹಿಂಗ ಜಾರಸ್ತೀರೇನ್ರಿ?" ಜಾಕೀರ್ ಮೆಲ್ಲಗೆ ಕೇಳಿದ.

"ನೀವು ಅಳಿಲಿನಷ್ಟ ಚುರುಕ ಇಲ್ಲ ಬಿಡ್ರಿ."

"ಹಂಗಾದ್ರ ಗಟ್ಟಿ ಹಿಡಕೊಂಡ ಕುಂದರ್ತೇನಿ."

ಕೈಸರ ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡಳು. ಕೆನ್ನೆ ಬಿಸಿಯಾಗಿತ್ತು.

ಇಲಿಗಳ ಕಾಟ ನಿಂತಿತು. ಓಣಿಯವರು "ನಮಗೂ ಒಂದು ಗುಬ್ಬಿ ಡಬ್ಬಿ ಮಾಡಿಕೊಡ" ಎಂದು ಬರತೊಡಗಿದರು. ಬ್ಯಾಡಗಿಯಿಂದ ಜಾಕೀರನ ತಾಯಿ ತಾಜಬಿ ಬಂದು, ಚಹಾ ಕುಡಿದು, ಹುಡುಗಿಯ ಕೈ ಹಿಡಿದು ನೋಡಿದಳು. ತಗಡಿನ ಗೀರುಗಳಿದ್ದ ಕೈ. "ದುಡಿಯೂ ಕೈ ಐತಿ," ಎಂದು ಮೆಚ್ಚಿಕೊಂಡಳು. ಮಳೆಗಾಲ ಮುಗಿದ ಮೇಲೆ ನಿಕಾಹ್ ಎಂದು ಮಾತಾಯಿತು.

ಅದಾದ ಮೇಲೆ ಜಾಕೀರ್ ಒಂದು ಡಬ್ಬಿ ಕೇಳಿದ. "ನಮ್ಮ ಸಾಹೇಬ್ರಿಗೆ ತೋರಸ್ತೇನಿ. ನೋಡು, ನಿನ್ನ ಹೆಸರು ಎಲ್ಲಿ ತನಕ ಹೋಗತೈತಿ."

ಅವಳು ಇದ್ದುದರಲ್ಲೇ ಚೆಂದದ್ದನ್ನು ಒರೆಸಿ ಕೊಟ್ಟಳು.

*

ಹಾವೇರಿಯಲ್ಲಿ ರೈತರ ಮೇಳ ನಡೆದಿತ್ತು. ಜಾಕೀರನ ಕಂಪನಿಯ ಮಳಿಗೆಯೂ ಇತ್ತು. "ಭಾಳ ಗದ್ದಲ ಇರತೈತಿ, ನೀ ಬರಬ್ಯಾಡ" ಎಂದಿದ್ದ. ಅವನಿಗೆ ಊಟಕ್ಕೂ ಬಿಡುವಿರಲಿಕ್ಕಿಲ್ಲವೆಂದು ಅವಳೇ ಬುತ್ತಿ ಕಟ್ಟಿಕೊಂಡು, ಫಕ್ಕೀರವ್ವನನ್ನು ಕರೆದುಕೊಂಡು ಬಸ್ ಹತ್ತಿದಳು. ಅವನು ಬೆಚ್ಚಿಬೀಳುವುದನ್ನು ನೋಡಬೇಕೆಂದು ದಾರಿಯುದ್ದಕ್ಕೂ ಒಳಗೊಳಗೇ ನಗುತ್ತಿದ್ದಳು.

ಮಳಿಗೆಯ ಮುಂದೆ ಜನ. ಮೇಲೆ ಸಾಲಾಗಿ ತೂಗುತ್ತಿದ್ದ ಹಸಿರು ಬಣ್ಣದ ಡಬ್ಬಿಗಳು. ಗಿಡ್ಡ ಕಡ್ಡಿ, ತೂತಿನ ತಟ್ಟೆ, ಬೋರಲು ಲಾಳಿಕೆ. ಕೈಸರ ಒಂದರ ಅಂಚು ಮುಟ್ಟಿ ನೋಡಿದಳು. ಒಳಕ್ಕೆ ಎರಡು ಮಡಿಕೆ.

ಹಿಂದಿನ ಬ್ಯಾನರಿನಲ್ಲಿ ಜಾಕೀರನ ಫೋಟೋ. ಅದರ ಕೆಳಗೆ: ಇದನ್ನು ಕಂಡುಹಿಡಿದವರು ನಮ್ಮ ಜಾಕೀರ್.

"ಏ ಕೈಸರಾ, ಇದು ನಿನ್ನ ಡಬ್ಬಿ ಅಲ್ಲೇನ?" ಫಕ್ಕೀರವ್ವ ಜೋರಾಗಿಯೇ ಕೇಳಿದಳು.

ಜಾಕೀರ್ ತಿರುಗಿದ. ಅವಳು ಬಯಸಿ ಬಂದಂತೆಯೇ ಬೆಚ್ಚಿಬಿದ್ದ. ಅವಳನ್ನು ಮಳಿಗೆಯ ಹಿಂದಕ್ಕೆ ಕರೆದುಕೊಂಡು ಹೋದ.

"ನಾ ಹೇಳಾವ ಇದ್ದೆ. ಸಾಹೇಬ್ರು 'ಯಾರು ಮಾಡಿದ್ದು' ಅಂದ್ರು. ಬಾಯಿಗೆ 'ನಾನ' ಅಂತ ಬಂದ್ಬಿಡ್ತು. ಅಲ್ಲಿಂದ ಹಿಂದ ಸರಿಯಾಕ ಆಗಲಿಲ್ಲ. ಏರಿಯಾ ಮ್ಯಾನೇಜರ್ ಮಾಡ್ಯಾರ ನನ್ನ, ಕೈಸರಾ."

"ನಂಗ ಒಂದ ಮಾತು ಹೇಳಬೇಕ ಅನಸಲಿಲ್ಲೇನ್ರಿ?"

"ನಾಳೆ ನಾವು ಗಂಡ ಹೆಂಡ್ತಿ. ನಂದು ನಿಂದು ಅಂತ ಬ್ಯಾರೆ ಏನೈತಿ?"

"ಏನೂ ಬ್ಯಾರೆ ಇಲ್ಲಂದ್ರ, ನನ್ನ ಹೆಸರ ಹಾಕಬಹುದಿತ್ತಲ್ಲ?"

ಹೊರಗೆ ಯಾರೋ ಮೈಕಿನಲ್ಲಿ ಅವನನ್ನು ಕರೆದರು.

"ಈಗ ಹೇಳ್ರಿ," ಎಂದಳು ಕೈಸರ. "ನಾ ಇಲ್ಲೇ ನಿಂತಿರ್ತೇನಿ. ಖರೇ ಏನೈತಿ ಅಷ್ಟ ಹೇಳ್ರಿ. ನಾ ಎಲ್ಲಾ ಮರೀತೇನಿ."

ಅವನು ಹೂಂ ಎಂದು ತಲೆಯಾಡಿಸಿ ಹೋದ. ಅವಳು ಅವನ ಬೆನ್ನನ್ನೇ ನೋಡುತ್ತ ನಿಂತಳು. ಆ ಕ್ಷಣದಲ್ಲೂ ಅವನ ಮೇಲೆ ಅವಳಿಗೆ ನಂಬಿಕೆಯಿತ್ತು.

ಜಾಕೀರ್ ಮೈಕು ಹಿಡಿದ. ಮುಂದಿನ ಕುರ್ಚಿಯಲ್ಲಿದ್ದ ಸಾಹೇಬರನ್ನು ನೋಡಿದ.

"ಈ ಡಬ್ಬಿ ಮಾಡೂ ಮುಂದ ನನಗ ಭಾಳ ಸಹಾಯ ಮಾಡಿದವರು ಅಂದ್ರ, ನನ್ನ ಹೆಂಡ್ತಿ ಆಗಾಕಿ. ಅವರೂ ಇಲ್ಲೇ ಬಂದಾರ."

ಚಪ್ಪಾಳೆ ಬಿತ್ತು. ಕೆಲವರು ತಿರುಗಿ ನೋಡಿ ನಕ್ಕರು. ಸಾಹೇಬರೂ ನಕ್ಕರು.

ಸಹಾಯ ಮಾಡಿದವರು. ಹೆಸರು ಕೂಡ ಇಲ್ಲ. ಬ್ಯಾನರು ನೋಡಿದಾಗ ಆಗದ ನೋವು ಈಗ ಆಯಿತು. ಆಗ ಅವನು ಅವಳ ಬೆನ್ನ ಹಿಂದೆ ಮಾಡಿದ್ದ. ಈಗ ಕಣ್ಣೆದುರಿಗೇ ಮಾಡಿದ್ದ.

"ಬರ್ರಿ ಅವ್ವಾ, ಹೋಗೂಣು," ಎಂದು ಫಕ್ಕೀರವ್ವನ ಕೈ ಹಿಡಿದಳು. ಬಸ್ ಸ್ಟ್ಯಾಂಡಿನವರೆಗೂ ಫಕ್ಕೀರವ್ವ ಅವನನ್ನು ಬೈಯುತ್ತಲೇ ಇದ್ದಳು. ಕೈಸರ ಬಿಚ್ಚದ ಬುತ್ತಿಯನ್ನು ಹಾಗೇ ಹಿಡಿದುಕೊಂಡು ನಡೆದಳು.

*

ಕೆಲವು ದಿನ ಜಾಕೀರ್ ಹಾವೇರಿಯಲ್ಲೇ ಉಳಿದು ಫೋನ್ ಮಾಡಿದ, ಅವಳು ಎತ್ತಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಅಂಗಡಿಗೇ ಬಂದ. ಚಾಂದಸಾಬನ ಮುಂದೆ, ಗಿರಾಕಿಗಳೂ ಇರುವಾಗಲೇ ನಿಂತು ಹೇಳಿದ:

"ಡಬ್ಬಿ ನಿಮ್ಮ ಮಗಳು ಮಾಡಿದ್ದು. ನಾ ಸುಳ್ಳ ಹೇಳಿದ್ದೆ. ಕಂಪನಿಯೊಳಗ ಎಲ್ಲಾರಿಗೂ ಖರೇ ಹೇಳೇನಿ. ಮ್ಯಾನೇಜರ್ ಕೆಲಸ ಹೋತು. ಇನ್ನ ಮ್ಯಾಲೆ ಅದರ ಮ್ಯಾಲೆ ಕೈಸರನ ಹೆಸರ ಬರತೈತಿ."

ಚಾಂದಸಾಬ ಸುತ್ತಿಗೆ ಕೆಳಗಿಟ್ಟು ಮಗಳನ್ನು ನೋಡಿದ. ಕೈಸರಳ ಕಣ್ಣು ತುಂಬಿತ್ತು. ಜಾಕೀರ್ ಸೊರಗಿದ್ದ. ಓಡಿ ಹೋಗಿ ಅವನ ಕೈ ಹಿಡಿಯಬೇಕು ಅನಿಸಿತು.

"ಭಾಳ ಚಲೋ ಮಾಡಿದ್ರಿ," ಎಂದಳು.

"ಹಂಗಾದ್ರ ನಿಕಾಹ್..."

"ನೀವು ಈಗೂ ನನ್ನ ಮನಸ್ಸಿನ್ಯಾಗ ಅದೀರಿ. ಸುಳ್ಳ ಯಾಕ ಹೇಳ್ಲಿ? ಆದ್ರ ಮೊನ್ನೆ ಒಂದು ಹೊಸಾ ಡಬ್ಬಿ ತಲ್ಯಾಗ ಬಂತು. ಮೊದಲ ನಿಮಗ ಹೇಳಬೇಕು ಅನಸ್ತು. ಅದರ ಹಿಂದ ಅಂಜಿಕಿ ಬಂತು, ಮುಚ್ಚಿಟ್ಟಕೊಂಡೆ. ಗಂಡನ ಮುಂದ ಮನಸ್ಸ ಮುಚ್ಚಿಟ್ಟಕೊಂಡು ಸಂಸಾರ ಹ್ಯಾಂಗ ಮಾಡೂದ್ರಿ?"

"ದಿನಾ ಕಳದಂಗ ಅಂಜಿಕಿ ಹೋಗತೈತಿ, ಕೈಸರಾ."

"ಹೋಗಬಹುದು. ಅದು ಹೋಗಲಿ ಅಂತ ನಾ ದಿನಾ ದಾರಿ ಕಾಯಲಾರೆ. ನೀವೂ ಕಾಯಬ್ಯಾಡ್ರಿ."

ಜಾಕೀರ್ ಚಾಂದಸಾಬನಿಗೆ ಸಲಾಂ ಮಾಡಿ, ಅವಳನ್ನೊಮ್ಮೆ ನೋಡಿ, ಬೈಕು ಹತ್ತಿದ. ಓಣಿಯ ತಿರುವಿನಲ್ಲಿ ಬೈಕು ಸ್ವಲ್ಪ ನಿಧಾನವಾಯಿತು. ಕೈಸರ ಕರೆಯಲಿಲ್ಲ. ಬೈಕು ಹೋಯಿತು.

ಚಾಂದಸಾಬ ಹತ್ತಿರ ಬಂದು ಅವಳ ತಲೆಯ ಮೇಲೆ ಕೈಯಿಟ್ಟ.

"ಖರೇನ ಬ್ಯಾಡಾಗಿತ್ತೇನು ಬೇಟಿ?"

"ಬೇಕಾಗಿತ್ತು ಅಬ್ಬಾ," ಎಂದು ಅವಳು ಅಪ್ಪನ ಹೆಗಲಿಗೆ ಮುಖ ಒತ್ತಿ ಅತ್ತಳು. "ಭಾಳ ಬೇಕಾಗಿತ್ತು."