ಖಾನೆಯಲ್ಲಿ ಹಿಡಿದಷ್ಟು

ಅಪ್ಪನ ಕಣ್ಣಿನ ಪೊರೆ ತೆಗೆಯುವ ದಿನ ಆಸ್ಪತ್ರೆಯವರು ಮಗಳ ಸಹಿಯ ಜೊತೆಗೆ ಇನ್ನೊಬ್ಬರ ಸಹಿಯನ್ನೂ ಕೇಳಿದರು. ಜೊತೆಗೆ ಬಂದಿದ್ದವನು ಪೇಂಟರ್.

“ನೀವು ಇವರಿಗೆ ಏನಾಗಬೇಕು?” ಎಂದು ನರ್ಸ್ ಅವನನ್ನು ಕೇಳಿದಳು.

ಅವನು ಬಾಯಿ ತೆರೆಯುವ ಮೊದಲೇ ಅಪ್ಪ, “ನಮ್ಮ ಫ್ಯಾಮಿಲಿ ಫ್ರೆಂಡ್, ಸಿಸ್ಟರ್,” ಎಂದರು.

ಮೂರು ವರ್ಷದಿಂದ ಅಪ್ಪ ಎಲ್ಲರಿಗೂ ಹೇಳುತ್ತಿದ್ದುದು ಇದನ್ನೇ. ಅವನು ಅಂಗಡಿಗಳ ಬೋರ್ಡ್ ಬರೆಯುವವನು. ಮಗಳು ಪ್ರೆಸ್ಸಿನಲ್ಲಿ ಪ್ರೂಫ್ ನೋಡಿ ತಪ್ಪು ತಿದ್ದುವವಳು. ಬಣ್ಣ ಹಚ್ಚುವ ಮುಂಚೆ ಇಂಗ್ಲಿಷ್ ಸರಿಯಿದೆಯೇ ಎಂದು ತೋರಿಸಲು ಚೀಟಿ ಹಿಡಿದು ಬರುತ್ತಿದ್ದ. ಈಚೆಗೆ ‘ಓಪನ್’ ಎಂಬ ಒಂದೇ ಪದಕ್ಕೂ ಬರುತ್ತಿದ್ದ. ಅವಳೂ ಅದನ್ನು ಮೊದಲ ಸಲ ಕಂಡವಳಂತೆ ನಿಧಾನವಾಗಿ ಓದುತ್ತಿದ್ದಳು.

ಸೋದರತ್ತೆ ಅವಳಿಗೆ ತಂದಿದ್ದ ಮದುವೆ ಸಂಬಂಧಕ್ಕೆ ಭಾನುವಾರದೊಳಗೆ ಉತ್ತರ ಹೇಳಬೇಕಿತ್ತು. ಅದು ಅವನಿಗೂ ಗೊತ್ತು. ಗೋಡೆಯಷ್ಟು ದೊಡ್ಡ ಅಕ್ಷರ ಬರೆಯುವವನಿಗೆ ಒಂದು ಸಣ್ಣ ಮಾತು ಬಾಯಿಗೆ ಬಂದಿರಲಿಲ್ಲ.

“ಬೇಗ ಬರೀರಿ, ಡಾಕ್ಟರ್ ಬಂದಾಯ್ತು,” ಎಂದು ನರ್ಸ್ ಫಾರ್ಮಿನಲ್ಲಿ ‘ಸಂಬಂಧ’ ಎಂದಿದ್ದ ಖಾನೆ ತೋರಿಸಿದಳು.

ಅವನು ಬರೆದು, ಸಹಿ ಹಾಕಿ ಕೊಟ್ಟ. ನರ್ಸ್ ಹುಬ್ಬೇರಿಸಿದಳು. “ಇದೇನ್ರೀ, ಅಂಗಡಿ ಬೋರ್ಡಾ?”

ಮಗಳು ಬಗ್ಗಿ ನೋಡಿದಳು. ‘ಫ್ಯಾಮಿಲಿ’ ಎಂಬ ಒಂದೇ ಪದ ಖಾನೆಯ ಈ ಅಂಚಿನಿಂದ ಆ ಅಂಚಿನವರೆಗೆ ಕೈಕಾಲು ಚಾಚಿ ಕೂತಿತ್ತು. ‘ಫ್ರೆಂಡ್’ಗೆ ಕೂದಲೆಳೆಯಷ್ಟೂ ಜಾಗ ಉಳಿದಿರಲಿಲ್ಲ.

“ಜಾಗ ಸಾಲಲಿಲ್ಲ,” ಎಂದ, ನೆಲ ನೋಡುತ್ತ. ಅವನ ಕಿವಿ ಕೆಂಪಾಗಿತ್ತು.

ದಾರ ಹಿಡಿದು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅಕ್ಷರ ಎಣಿಸಿ ಜಾಗ ಹಂಚಿದ ಮೇಲೆಯೇ ಬ್ರಷ್ ಎತ್ತುವವನು ಅವನು. ಅವನ ಬೋರ್ಡಿನಲ್ಲಿ ಕೊನೆಯ ಅಕ್ಷರ ಇಕ್ಕಟ್ಟಾದದ್ದನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ.

“ಅಳತೆ ತಪ್ಪಿತಾ?” ಎಂದು ಮೆಲ್ಲಗೆ ಕೇಳಿದಳು.

“ಇಲ್ಲ. ಮೂರು ವರ್ಷದಿಂದ ಅಳೀತಾನೇ ಇದೀನಿ.” ಈಗ ಅವನು ತಲೆ ಎತ್ತಿದ. ಪೆನ್ನನ್ನು ಅವಳತ್ತ ಚಾಚಿದ. “ತಪ್ಪಿದ್ರೆ ತಿದ್ದಿಬಿಡಿ. ತಿದ್ದೋರು ನೀವೇ ತಾನೇ.”

ಅವಳು ಪೆನ್ನು ತೆಗೆದುಕೊಂಡಳು. ಆರು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದಿದಳು.

“ಏನಮ್ಮಾ, ಸರಿಯಾಗಿ ಬರ್ದಿದಾನಾ?” ಗಾಲಿಕುರ್ಚಿಯಿಂದ ಅಪ್ಪ ಕೇಳಿದರು.

ಅವಳು ಅವನ ಸಹಿಯ ಪಕ್ಕದಲ್ಲೇ ತನ್ನ ಸಹಿ ಹಾಕಿ, ಪೆನ್ನಿನ ಮುಚ್ಚಳ ಮುಚ್ಚಿದಳು.

“ಸರಿಯಾಗಿದೆ ಅಪ್ಪ. ಅತ್ತೆಗೆ ನಾನೇ ಫೋನ್ ಮಾಡಿ ಹೇಳ್ತೀನಿ.”