ಚಿಪ್ಪಿನ ಚಮಚ ಒದ್ದೆಯಾಗಿತ್ತು

ಡಬ್ಬ ಇರಲಿಲ್ಲ.

ಹೋಟೆಲಿನ ಉಗ್ರಾಣದಾಕೆ ಫ್ರಿಜ್ಜಿನ ಬಾಗಿಲು ಹಿಡಿದುಕೊಂಡೇ ನಿಂತಿದ್ದಳು. ಒಳಗೆ ಪುಡಿ ಐಸಿನ ತಟ್ಟೆ, ಅದರ ನಡುವೆ ಡಬ್ಬ ಕೂತಿದ್ದ ದುಂಡನೆಯ ಗುಳಿ. ಆ ರಾತ್ರಿ ಮಾಲೀಕರ ಅತಿಥಿಗಳಿಗೆ ಬಡಿಸಬೇಕಿದ್ದ ಕ್ಯಾವಿಯರ್ — ಎಲ್ಲಿಂದಲೋ ವಿಮಾನದಲ್ಲಿ ಬಂದಿದ್ದ ಕರಿಯ ಮೀನಿನ ಮೊಟ್ಟೆ — ಮಾಯವಾಗಿತ್ತು.

"ಬೀಗ?" ಎಂದಳು ಇನ್ಸ್‌ಪೆಕ್ಟ್ರಮ್ಮ.

"ಹಾಕಿದ್ದು ಹಾಕಿದ ಹಾಗೇ ಇತ್ತು ಮೇಡಂ."

"ಕೀಲಿ ಯಾರ್ಯಾರ ಹತ್ರ ಇದೆ?"

"ನನ್ನ ಹತ್ರ ಒಂದು, ಶೆಫ್ ಹತ್ರ ಒಂದು. ಬಾಟಲಿ ತಣ್ಣಗಿಡೋಕೆ ಅಂತ ಮೂಗುದೊರೆ ಅವರ ಹತ್ರ ಒಂದು."

ಇನ್ಸ್‌ಪೆಕ್ಟ್ರಮ್ಮ ಪೊಲೀಸ್ ಕೆಲಸದಿಂದ ನಿವೃತ್ತಳಾದ ಮೇಲೆ ಈ ಹೋಟೆಲಿನ ಕಾವಲು ನೋಡಿಕೊಳ್ಳುತ್ತಿದ್ದಳು. ಮನೆಯಲ್ಲಿ ಕಾಯುವವರಿಲ್ಲದ್ದರಿಂದ ಡ್ಯೂಟಿ ಮುಗಿದರೂ ಇಲ್ಲೇ ಸುತ್ತುತ್ತಿದ್ದಳು. ಕೆಲಸದ ಮೇಲಿನ ಭಕ್ತಿ ಎಂದು ಉಳಿದವರು ಹೊಗಳುತ್ತಿದ್ದರು. ಭಕ್ತಿಯಲ್ಲ, ಖಾಲಿ ಮನೆಯ ಭಯ ಎಂದು ಆಕೆಗೊಬ್ಬಳಿಗೇ ಗೊತ್ತಿತ್ತು.

ಮ್ಯಾನೇಜರ್ ಬಂದವನೇ ಉಗ್ರಾಣದಾಕೆಯ ಮೇಲೆ ಹರಿಹಾಯ್ದ. "ನಿನ್ನೆ ಕೊನೆಗೆ ಬೀಗ ಹಾಕಿದ್ದು ನೀನು. ಹಿಂಬಾಗಿಲಿಂದ ಚೀಲ ತಗೊಂಡು ಹೋದವಳೂ ನೀನೇ. ಏನಿತ್ತು ಅದ್ರಲ್ಲಿ?"

"ಮಗಳ ಶೂ ಸಾರ್. ಹೊಲಿಸಿಕೊಂಡು ಹೋಗೋಣ ಅಂತ ತಂದಿದ್ದೆ."

"ಶೂ ಅಂತೆ. ಸಂಜೆಯೊಳಗೆ ಡಬ್ಬ ಬರಲಿಲ್ಲ ಅಂದ್ರೆ ಪೊಲೀಸರಿಗೆ ಒಪ್ಪಿಸ್ತೀನಿ, ನೋಡ್ತಿರು."

ಆಕೆ ಅತ್ತಳು. ಗೋಡೆಗೊರಗಿ ನಿಂತಿದ್ದ ಮೂಗುದೊರೆ ನೆಲ ನೋಡುತ್ತಿದ್ದ. ಯಾವ ಊಟಕ್ಕೆ ಯಾವ ಪಾನೀಯ ಎಂದು ಆರಿಸುವುದು ಆತನ ಕೆಲಸ. ಬಾಟಲಿ ತೆರೆದು ಒಮ್ಮೆ ಮೂಸಿದರೆ ಅದರ ಜಾತಕವನ್ನೇ ಬಿಚ್ಚಿಡುತ್ತಾನೆ ಎಂದು ಅಡುಗೆಮನೆಯವರು ಆ ಹೆಸರಿಟ್ಟಿದ್ದರು.

ಶೆಫ್ ಪ್ರಶ್ನೆಗೆ ಕಾಯಲೇ ಇಲ್ಲ. "ನಾನ್ಯಾಕೆ ಕದೀಲಿ ಮೇಡಂ? ಅಡುಗೆಯವನು ರುಚಿ ನೋಡಿದ್ರೆ ಬೇಡ ಅನ್ನೋರ್ಯಾರು? ನನಗಿಂತ ಪಾಪ ಮೂಗುದೊರೆಗೇ ನಷ್ಟ. ಮಧ್ಯಾಹ್ನ ಮಾಲೀಕರ ಎದುರು ಕೂತು ಕ್ಯಾವಿಯರ್ ಜೊತೆ ಒಂದೊಂದೇ ಬಾಟಲಿ ರುಚಿ ನೋಡಿ, ಯಾವುದು ಹೊಂದುತ್ತೆ ಅಂತ ಹೇಳಬೇಕಿತ್ತು. ಈಗ ಅದೂ ನಿಂತುಹೋಯ್ತು."

"ನಿಂತೇ ಹೋಯ್ತಾ?"

"ಡಬ್ಬವೇ ಇಲ್ಲ, ಇನ್ನೇನು ರುಚಿ ನೋಡ್ತಾರೆ?"

ಇನ್ಸ್‌ಪೆಕ್ಟ್ರಮ್ಮ ಮೂಗುದೊರೆ ಬಾಟಲಿ ಇಡುವ ನೆಲಮಾಳಿಗೆಗೆ ಇಳಿದಳು. ಮಧ್ಯಾಹ್ನದ ಈ ಹೊತ್ತಿಗೆ ಹೇಗೂ ಅಲ್ಲಿಗೇ ಹೋಗುತ್ತಿದ್ದಳು. ಮೂಗುದೊರೆ ಯಾವುದಾದರೊಂದು ಬಾಟಲಿಯಿಂದ ಎರಡು ಗುಟುಕು ಬಗ್ಗಿಸುತ್ತಿದ್ದ, ಅದು ಯಾವುದೆಂದು ಆಕೆ ತಪ್ಪುತಪ್ಪಾಗಿ ಊಹಿಸುತ್ತಿದ್ದಳು, ಇಬ್ಬರೂ ನಗುತ್ತಿದ್ದರು. ದಿನಕ್ಕೆ ಆಕೆ ನಗುತ್ತಿದ್ದುದು ಅದೊಂದೇ ಹೊತ್ತು.

ಇವತ್ತು ಆತನ ಮುಂದಿನ ಮೇಜಿನ ಮೇಲೆ ಮೂರು ಬಾಟಲಿಗಳಿದ್ದವು: ಮಂಜು ಹಿಡಿದ ವೋಡ್ಕಾ, ಸಿಹಿಯಿಲ್ಲದ ಶಾಂಪೇನ್, ಒಂದು ಬಿಳಿ ವೈನ್. ಮೂರೂ ತೆರೆದಿದ್ದವು. ಬಿಳಿ ವೈನಿನ ಕೊರಳಿಗೆ ಆತ ಕೆಂಪು ದಾರ ಕಟ್ಟಿದ್ದ. ಅಂದರೆ ಅದು ಆತನ ಆಯ್ಕೆ.

"ಕೆಂಪು ವೈನ್ ಯಾಕಿಲ್ಲ?"

"ಮೀನಿನ ಮೊಟ್ಟೆ ಜೊತೆ ಅದನ್ನ ಕುಡಿದ್ರೆ ತುಕ್ಕು ನೆಕ್ಕಿದ ಹಾಗಿರುತ್ತೆ." ಆತ ಬಿಳಿ ವೈನ್ ಬಗ್ಗಿಸಿ ಗ್ಲಾಸನ್ನು ಮುಂದಿಟ್ಟ. "ಇದನ್ನ ನೋಡಿ. ಹಸಿರು ಸೇಬಿನ ವಾಸನೆ ಬರುತ್ತಲ್ವಾ?"

ಆಕೆ ಮೂಸಿದಳು, ಕುಡಿದಳು. ನಿಧಾನವಾಗಿ ಪೂರ್ತಿ ಕುಡಿದಳು. ಸಿಂಕಿನ ಪಕ್ಕದ ಸ್ಟ್ಯಾಂಡಿನಲ್ಲಿ ತೊಳೆದ ಮೂರು ಗ್ಲಾಸುಗಳು ಬೋರಲಾಗಿದ್ದವು. ಪಕ್ಕದಲ್ಲಿ ಮಡಿಸಿದ ಬಟ್ಟೆ, ಅದರ ಮೇಲೆ ಮುತ್ತಿನ ಚಿಪ್ಪಿನ ಪುಟ್ಟ ಚಮಚ. ಚಮಚ, ಬಟ್ಟೆ ಎರಡೂ ಇನ್ನೂ ಒದ್ದೆಯಾಗಿದ್ದವು.

"ಡಬ್ಬ ಎಲ್ಲಿದೆ?" ಎಂದು ಕೇಳಿದಳು.

"ನನ್ನನ್ನ ಕೇಳ್ತೀರಾ?"

"ಆ ಚಮಚ ನೀವು ಬೇರೆ ಯಾವುದಕ್ಕೂ ಮುಟ್ಟಲ್ಲ. ಲೋಹ ತಾಗಿದ್ರೆ ಕ್ಯಾವಿಯರ್ ರುಚಿ ಕೆಡುತ್ತೆ ಅಂತ ಹೇಳಿಕೊಟ್ಟವರೇ ನೀವು. ಹೊಟ್ಟೆಗೆ ತಿನ್ನೋ ಕಳ್ಳ ಬೆರಳಲ್ಲಿ ಬಳಿದು ತಿಂತಾನೆ. ಮಾರೋನು ಡಬ್ಬದ ಮುಚ್ಚಳವನ್ನೇ ತೆಗೆಯಲ್ಲ. ಚಮಚ ತೊಳೆದು ಒಣಗೋಕೆ ಇಡೋನು ಈ ಕಟ್ಟಡದಲ್ಲಿ ಒಬ್ಬನೇ."

"ನಾನೇ ಯಾಕೆ ಕದೀಲಿ? ನನ್ನ ಅನ್ನಕ್ಕೆ ನಾನೇ ಮಣ್ಣು ಹಾಕ್ಕೊಳ್ತೀನಾ?"

"ನನಗೂ ಅದೇ ಅರ್ಥ ಆಗಿರಲಿಲ್ಲ, ಈ ಗ್ಲಾಸ್ ಮೂಸೋ ತನಕ. ಈ ವೈನಿಗೆ ನೆನೆದ ಗೋಣಿಚೀಲದ ನಾತ ಇದೆ. ಬಾಟಲಿಯ ಬಿರಡೆ ಕೆಟ್ಟು ವೈನಿಗೂ ಹತ್ತಿದೆ. ನನ್ನಂಥ ದಡ್ಡಿಗೂ ಗೊತ್ತಾಗೋದು ನಿಮಗೆ ಗೊತ್ತಾಗಲಿಲ್ಲ. ಹಾಳಾದ ಈ ಬಾಟಲಿಗೇ ದಾರ ಕಟ್ಟಿದ್ದೀರಿ. ಯಾವಾಗಿನಿಂದ ವಾಸನೆ ಬರ್ತಿಲ್ಲ ನಿಮಗೆ?"

ಆತ ಕುಳಿತ.

"ಆ ಜ್ವರ ಬಂತಲ್ಲ, ಆಗಿನಿಂದ. ನೆನಪಿನ ಮೇಲೇ ದಿನ ದೂಡ್ತಾ ಬಂದೆ. ಬಾಟಲಿ ಹೆಸರು ಓದಿ, ಮೊದಲು ಹೇಗಿತ್ತೋ ಹಾಗೇ ಹೇಳ್ತಿದ್ದೆ. ಮಾಲೀಕರಿಗೆ ರುಚಿ ಬಲು ಬೇಗ ತಿಳಿಯುತ್ತೆ ಮೇಡಂ, ಎದುರಿಗೆ ಕೂತ್ರೆ ಸಿಕ್ಕಿಬೀಳ್ತೀನಿ ಅಂತ ಇವತ್ತು ಬೆಳಿಗ್ಗೆ ಒಬ್ಬನೇ ಅಭ್ಯಾಸ ಮಾಡೋಕೆ ಹೋದೆ. ಅಷ್ಟು ಒಳ್ಳೇ ಮಾಲು, ವಾಸನೆ ಮರಳಿ ಬಂದ್ರೂ ಬರಬಹುದು ಅಂತ ಆಸೆ." ಆತ ಖಾಲಿ ಪೆಟ್ಟಿಗೆಯೊಂದರಿಂದ ಡಬ್ಬ ತೆಗೆದು ಮೇಜಿನ ಮೇಲಿಟ್ಟ. ಕರಿಯ ಮೊಟ್ಟೆಗಳಲ್ಲಿ ಮೂರೇ ಮೂರು ಸಣ್ಣ ತಗ್ಗುಗಳಿದ್ದವು. "ವೋಡ್ಕಾ ಜೊತೆ ಉಪ್ಪು. ಶಾಂಪೇನ್ ಜೊತೆ ಉಪ್ಪು, ಗುಳ್ಳೆ. ವೈನ್ ಜೊತೆ ಉಪ್ಪು, ಹುಳಿ. ಅಷ್ಟೇ. ಮುಚ್ಚಳ ತೆಗೆದ ಡಬ್ಬ ವಾಪಸ್ ಹೇಗಿಡ್ಲಿ?"

"ಅವಳನ್ನ ಪೊಲೀಸರಿಗೆ ಕೊಡ್ತೀನಿ ಅಂದಾಗ ನೀವು ಅಲ್ಲೇ ನಿಂತಿದ್ರಿ."

"ನಿಂತಿದ್ದೆ." ಆತನ ದನಿ ಇಳಿಯಿತು. "ವಾಸನೆ ಹೋದ ಮೇಲೆ ನನ್ನ ಮನೆಗೇ ಹೋದ್ರೂ ಯಾರದೋ ಮನೆಗೆ ನುಗ್ಗಿದ ಹಾಗಾಗುತ್ತೆ ಮೇಡಂ. ತೀರಿಹೋದ ನನ್ನವಳ ಸೀರೆ ಮುಖಕ್ಕೆ ಒತ್ತಿಕೊಂಡ್ರೆ ಬರೀ ಬಟ್ಟೆ. ಉಳಿದಿರೋದು ಈ ಕೋಣೆ ಒಂದೇ. ನೀವು ಸುಮ್ಮನಿದ್ರೆ ಯಾರಿಗೂ ಗೊತ್ತಾಗಲ್ಲ. ನಾನು ಹೋದ್ರೆ ಮಧ್ಯಾಹ್ನ ನಿಮ್ಮ ಜೊತೆ ಯಾರು ಕೂರ್ತಾರೆ?"

ಯಾರೂ ಇಲ್ಲ ಎಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಖಾಲಿ ಗ್ಲಾಸನ್ನು ಮೇಜಿನ ಮೇಲೆ ಬೋರಲಿಟ್ಟಳು.

"ಅವಳಿಗೆ ಮಗಳಿದ್ದಾಳೆ," ಎಂದು ಎದ್ದಳು. "ನೀವೇ ಹೇಳ್ತೀರೋ, ನಾನು ಹೇಳ್ಲೋ?"

ಮ್ಯಾನೇಜರನ ಕೋಣೆಯಲ್ಲಿ ಮೂಗುದೊರೆ ಮತ್ತೆ ನೆಲ ನೋಡುತ್ತ ನಿಂತ. ಕೊನೆಗೆ ಇನ್ಸ್‌ಪೆಕ್ಟ್ರಮ್ಮನೇ ಡಬ್ಬ ಮುಂದಿಟ್ಟು, ತೆಗೆದವರು ಇವರು ಎಂದಳು. ಚಮಚದ ಮಾತು, ಬಿರಡೆಯ ಮಾತು, ಜ್ವರದ ಮಾತು ಎಲ್ಲ ಹೇಳಿದಳು. ಮ್ಯಾನೇಜರ್ ಪೊಲೀಸರನ್ನು ಕರೆಯಲಿಲ್ಲ, ಕೀಲಿ ವಾಪಸ್ ಪಡೆದು, ನಾಳೆಯಿಂದ ಕೆಲಸಕ್ಕೆ ಬರಬೇಡಿ ಎಂದ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ಉಗ್ರಾಣದಾಕೆ ಮೂಗುದೊರೆಯನ್ನು ದಿಟ್ಟಿಸಿ, "ಅಣ್ಣಾ, ನೀವಾ?" ಎಂದಷ್ಟೇ ಕೇಳಿ ಹೊರಟುಹೋದಳು.

ಹಿಂಬಾಗಿಲಲ್ಲಿ ಆತ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಇನ್ಸ್‌ಪೆಕ್ಟ್ರಮ್ಮ ಹಿಂದೆಯೇ ಬಂದಳು. ಇಷ್ಟು ವರ್ಷ ಎದುರುಬದುರು ಕೂತಿದ್ದರೂ ಆತ ಎಲ್ಲಿರುತ್ತಾನೆಂದು ಒಮ್ಮೆಯೂ ಕೇಳಿರಲಿಲ್ಲ ಎಂಬುದು ಆಕೆಗೆ ಆಗಷ್ಟೇ ಹೊಳೆಯಿತು. ಊರಿನ ಕಳ್ಳರ ಮನೆಗಳನ್ನೆಲ್ಲ ಬಲ್ಲವಳಿಗೆ ಅದೊಂದು ಗೊತ್ತಿರಲಿಲ್ಲ.

"ನಿಮ್ಮ ಮನೆ ಎಲ್ಲಿ?"

ಆತ ಆಕೆಯ ಮುಖ ನೋಡಿದ. ಆತನ ಕಣ್ಣಲ್ಲಿ ಸಿಟ್ಟಿರಲಿಲ್ಲ.

"ತನಿಖೆ ಮುಗೀತಲ್ಲ ಮೇಡಂ," ಎಂದು ಹೇಳಿ ಬೀದಿಗಿಳಿದ.