ಹೂಗಾರ ದುಂಡಪ್ಪನ ಕತ್ತಿ

ಬಹಳ ಹಿಂದೆ, ಬೆಟ್ಟಗಳು ಇನ್ನೂ ಮನುಷ್ಯರ ಮಾತಿಗೆ ಕಿವಿಗೊಡುತ್ತಿದ್ದ ಕಾಲದಲ್ಲಿ, ಮಲ್ಲಿಗಾವತಿ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ದುಂಡಪ್ಪ ಎಂಬ ಹೂಗಾರನಿದ್ದ. ಹೆಸರಿಗೆ ತಕ್ಕಂತೆ ಮೈಯೂ ದುಂಡಗೆ, ಮುಖವೂ ದುಂಡಗೆ. ಅವನ ಅಕ್ಕ ನೀಲಕ್ಕ ಬೆಳಗಾಗುವ ಮೊದಲೇ ತೋಟಕ್ಕೆ ಹೋಗಿ ಹೂ ಬಿಡಿಸಿ ತರುತ್ತಿದ್ದಳು. ದುಂಡಪ್ಪ ಜಗಲಿಯಲ್ಲಿ ಕೂತು ಮಾಲೆ ಕಟ್ಟುತ್ತಿದ್ದ. ತಂದೆ ತಾಯಿ ಇಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ.

ದುಂಡಪ್ಪನ ಹೂ ಕಟ್ಟುವ ಕೈಗೆ ಒಂದು ವಿಚಿತ್ರ ಆಸೆಯಿತ್ತು. ಕಬ್ಬಿಣ ಬಡಿಯಬೇಕು, ಚಾಕು ಮಾಡಬೇಕು!

ಆ ಊರಿನ ಮುದಿ ಕಮ್ಮಾರ ಮೋನಾಚಾರಿ ಒಳ್ಳೆಯ ಮನುಷ್ಯ. ಅಮಾವಾಸ್ಯೆಯ ದಿನ ಅವನ ಕಸುಬಿಗೆ ರಜೆ. ಆ ದಿನ ಕುಲುಮೆಯನ್ನು ಆಸೆಯಿದ್ದವರಿಗೆಲ್ಲ ಬಿಟ್ಟುಕೊಡುತ್ತಿದ್ದ. "ಬನ್ನಿ, ಬಡಿಯಿರಿ, ಬೆರಳು ಮಾತ್ರ ಜೋಪಾನ" ಎನ್ನುತ್ತಿದ್ದ. ಕುಂಬಾರರ ಶಾಂತವ್ವ ಬರುತ್ತಿದ್ದಳು. ದುಂಡಪ್ಪ ಬರುತ್ತಿದ್ದ. ತಲೆಗೆ ಸಾದಾ ರುಮಾಲು ಸುತ್ತಿಕೊಂಡು ಮಲ್ಲಿಗಾವತಿಯ ರಾಜ ವೀರರಸನೂ ಬರುತ್ತಿದ್ದ. ಅವನು ರಾಜನೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಕುಲುಮೆಯ ಒಳಗೆ ಯಾರೂ ಎದ್ದು ಕೈ ಮುಗಿಯುತ್ತಿರಲಿಲ್ಲ.

"ವೀರಪ್ಪ, ತಿದಿ ಒತ್ತು. ನಿನ್ನ ಸರದಿ" ಎಂದು ಶಾಂತವ್ವ ಹೇಳಿದರೆ ರಾಜ ಸಂತೋಷದಿಂದ ತಿದಿ ಒತ್ತಿ ಗಾಳಿ ಹಾಕುತ್ತಿದ್ದ.

ಅವರು ಮಾಡಿದ ಚಾಕುಗಳನ್ನು ನೋಡಬೇಕಿತ್ತು! ರಾಜನ ಚಾಕು ಸೌಟಿನ ಹಾಗೆ ಇರುತ್ತಿತ್ತು. ದುಂಡಪ್ಪನ ಚಾಕು ಹಾವಿನ ಹಾಗೆ ಬಳುಕುತ್ತಿತ್ತು. ಮೋನಾಚಾರಿ ಒಂದೊಂದನ್ನೂ ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು, "ಹೋದ ಸಲಕ್ಕಿಂತ ವಾಸಿ" ಎನ್ನುತ್ತಿದ್ದ. ಬಂದವರು ಮಂಡಕ್ಕಿ ತಿಂದು ನಗುನಗುತ್ತಾ ಮನೆಗೆ ಹೋಗುತ್ತಿದ್ದರು.

ಹೀಗಿರುವಾಗ ಪಡುವಣ ಬೆಟ್ಟಕ್ಕೆ ಹಂಬುರಾಯನೆಂಬ ಮಾಟಗಾರ ಬಂದು ನೆಲೆಸಿದ. ಅವನು ಬೆಟ್ಟದ ತುದಿಯಲ್ಲಿ ಒಂದು ಬಳ್ಳಿ ನೆಟ್ಟ. ಆ ಬಳ್ಳಿ ಮನುಷ್ಯರನ್ನು ಸುತ್ತಿಕೊಂಡರೆ ಅವರು ನಿಂತಲ್ಲೇ ನಿದ್ದೆ ಹೋಗುತ್ತಿದ್ದರು. ಅವರ ಆಯುಸ್ಸು ಬಳ್ಳಿಯ ಮೂಲಕ ಹರಿದು ಹಂಬುರಾಯನಿಗೆ ಸೇರುತ್ತಿತ್ತು. ಮುದುಕನಾಗಿದ್ದವನ ಗಡ್ಡ ಕಪ್ಪಾಗತೊಡಗಿತು.

ಬಳ್ಳಿಯನ್ನು ಯಾರೂ ಕಡಿಯಬಾರದೆಂದು ಅವನು ಬೆಟ್ಟದ ನೆತ್ತಿಯಲ್ಲಿ ನಿಂತು, ನಾಡಿಗೆಲ್ಲ ಕೇಳಿಸುವಂತೆ ಶಾಪ ಕೊಟ್ಟ: "ಕಸುಬಿನವರು ಬಡಿದ ಅಲಗೆಲ್ಲ ಮೊಂಡಾಗಲಿ!"

ಆ ಕ್ಷಣವೇ ನಾಡಿನ ಕತ್ತಿ, ಕೊಡಲಿ, ಕುಡುಗೋಲು, ಈಳಿಗೆಮಣೆ ಎಲ್ಲವೂ ಮೊಂಡಾದವು. ಪೈರು ಕೊಯ್ಯಲಾಗಲಿಲ್ಲ. ಹೆಂಗಸರು ಬದನೆಕಾಯಿಯನ್ನು ಇಡಿಯಾಗಿ ಬೇಯಿಸಿದರು. ಮೋನಾಚಾರಿ ಹೊಸ ಕುಡುಗೋಲು ಬಡಿದರೆ ಅದು ಬೆಣ್ಣೆಯನ್ನೂ ಕೊಯ್ಯಲಿಲ್ಲ. ಆತ ಸುತ್ತಿಗೆಯನ್ನು ಮೂಲೆಗಿಟ್ಟು ಹೊಸ್ತಿಲ ಮೇಲೆ ಕೂತುಬಿಟ್ಟ.

ಒಂದು ಬೆಳಿಗ್ಗೆ ನೀಲಕ್ಕ ಹೂ ಬಿಡಿಸಲು ಹೋದವಳು ಬರಲಿಲ್ಲ. ದುಂಡಪ್ಪ ಓಡಿಹೋಗಿ ನೋಡಿದ. ಬಳ್ಳಿ ಬೆಟ್ಟ ಇಳಿದು ತೋಟಕ್ಕೆ ಬಂದು ಅವಳನ್ನು ಸುತ್ತಿಕೊಂಡಿತ್ತು. ಬುಟ್ಟಿ ಸೊಂಟದಲ್ಲೇ ಇತ್ತು, ಒಂದು ಕೈ ಹೂವಿನ ಕಡೆಗೆ ಚಾಚಿತ್ತು, ಅಕ್ಕ ಕಣ್ಣು ಮುಚ್ಚಿ ನಿಂತಿದ್ದಳು. ಕೂದಲಲ್ಲಿ ಆಗಲೇ ಒಂದು ಎಳೆ ಬೆಳ್ಳಗಾಗಿತ್ತು.

"ಅಕ್ಕಾ! ಅಕ್ಕಾ!" ಎಂದು ಕೂಗಿದ. ಬಳ್ಳಿಯನ್ನು ಜಗ್ಗಿದ, ಕಚ್ಚಿದ, ದೂರದ ಕುಡಿಗೆ ಬೆಂಕಿ ಹಚ್ಚಿದ. ಅದು ಹರಿಯಲಿಲ್ಲ, ಸುಡಲೂ ಇಲ್ಲ.

ಅಳುತ್ತಾ ಬಂದ ದುಂಡಪ್ಪನನ್ನು ಶಾಂತವ್ವ ಮನೆಗೆ ಕರೆದು ಊಟಕ್ಕೆ ಕೂರಿಸಿದಳು. ಅನ್ನ ಕಲಸಲು ಹೋದವನು ತಟ್ಟೆಯನ್ನೇ ನೋಡುತ್ತಾ ಕೂತ.

"ಶಾಂತವ್ವ, ಈ ಬದನೆಕಾಯಿ ಹೋಳಾಗಿದೆಯಲ್ಲ!"

"ಹೂಂ, ಹೆಚ್ಚಿದೆ."

"ಯಾತರಲ್ಲಿ?"

ಶಾಂತವ್ವನೂ ಬೆರಗಾದಳು. ಅಮಾವಾಸ್ಯೆಯಂದು ತಾನು ಮಾಡಿದ ಬೆರಳುದ್ದದ ಸೊಟ್ಟ ಚಾಕನ್ನು ತಂದು ತೋರಿಸಿದಳು. ಅದು ಹರಿತವಾಗಿಯೇ ಇತ್ತು!

ಇಬ್ಬರೂ ಮೋನಾಚಾರಿಯ ಹತ್ತಿರ ಓಡಿದರು. ಆತ ಚಾಕನ್ನು ಹೆಬ್ಬೆರಳಿಗೆ ತಾಗಿಸಿ ನೋಡಿ ಎದ್ದು ನಿಂತ. "ಅವನು ಕಸುಬಿನವರು ಅಂದ. ಪ್ರೀತಿಗೆ ಬಡಿಯುವವರೂ ಇರುತ್ತಾರೆ ಅಂತ ಆ ಪಾಪಿಗೆ ಹೊಳೆಯಲೇ ಇಲ್ಲ! ದುಂಡಪ್ಪ, ವೀರಪ್ಪನಿಗೆ ಹೇಳಿಕಳಿಸು. ಇನ್ನು ಅಮಾವಾಸ್ಯೆಗೆ ಕಾಯುವುದು ಬೇಡ. ಸಂಜೆ ಸಂಜೆ ಸೇರೋಣ."

ಬಳ್ಳಿಯ ಕುಡಿ ಕತ್ತರಿಸಿದರೆ ಮತ್ತೆ ಚಿಗುರಿ ಸುತ್ತಿಕೊಳ್ಳುತ್ತದೆ, ಬೇರನ್ನೇ ಕಡಿಯಬೇಕು. ಆ ಬೇರು ಒನಕೆಯಷ್ಟು ದಪ್ಪ. ಬೆರಳುದ್ದದ ಚಾಕಿಗೆ ಬಗ್ಗುವುದಲ್ಲ. ದೊಡ್ಡ ಕತ್ತಿಯೇ ಬೇಕು. ಶಾಂತವ್ವ ಮಡಕೆ ಸುಡುವ ತನ್ನ ಆವಿಗೆಯಿಂದ ಇದ್ದಿಲು ತಂದಳು. ರಾಜ ಅರಮನೆಯ ಬಾಗಿಲಿನ ಅಗುಳಿಯನ್ನೇ ಕಿತ್ತು ತಂದ, ಅದು ಗಟ್ಟಿ ಉಕ್ಕು. ಮೋನಾಚಾರಿಯ ಸುತ್ತಿಗೆಯ ಒಂದೇಟು ಬಿದ್ದರೂ ಅಲಗು ಕಸುಬಿನದಾಗಿಬಿಡುತ್ತದೆ. ಅದಕ್ಕೆ ಆತ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಯಲ್ಲೇ ಕಲಿಸಿದ. ದುಂಡಪ್ಪನ ಏಟು ತಪ್ಪಿದಾಗಲೆಲ್ಲ ಆ ಕೈಗಳು ಬೆನ್ನ ಹಿಂದೆ ಚಡಪಡಿಸುತ್ತಿದ್ದವು.

"ಈಗ ಕಾಯಿಸಿ ಎಣ್ಣೆಯಲ್ಲಿ ಅದ್ದು" ಎಂದ ಮೋನಾಚಾರಿ.

ಆತುರದಲ್ಲಿ ದುಂಡಪ್ಪ ಅಲಗು ಸೇವಂತಿಗೆಯ ಹಾಗೆ ಹಳದಿಯಾಗಿ ಉರಿಯುವವರೆಗೂ ಕಾಯಿಸಿ, ಚುಂಯ್ ಎಂದು ಅದ್ದಿ, ಸಾಣೆ ಹಿಡಿದು, ಆಗಲೇ ಹೊರಟುಬಿಟ್ಟ. "ಅದರ ಬಿರುಸು ಇಳಿಸಬೇಕೋ, ನಿಲ್ಲೋ!" ಎಂದು ಮೋನಾಚಾರಿ ಕೂಗಿದ್ದು ಅವನಿಗೆ ಕೇಳಿಸಲಿಲ್ಲ. ಹೆಜ್ಜೆಯ ಸದ್ದು ಹೆಚ್ಚಾದರೆ ಬಳ್ಳಿ ಎಚ್ಚರವಾಗುತ್ತಿತ್ತು. ಆದ್ದರಿಂದ ಅವನು ಒಬ್ಬನೇ ಬೆಟ್ಟ ಹತ್ತಿದ.

ಬೇರಿನ ಮುಂದೆ ಮುಳ್ಳುಕರಡಿ ಕಾವಲಿತ್ತು. ಮೈತುಂಬ ಕೂದಲಿನ ಬದಲು ಮುಳ್ಳು. ಅದು ಮಾತಾಡುತ್ತಿತ್ತು.

"ಯಾರು?"

"ನಾನು ಹೂಗಾರ ದುಂಡಪ್ಪ. ನನ್ನ ಅಕ್ಕನನ್ನು ಬಿಡಿಸಲು ಬಂದೆ."

ಕತ್ತಿ ಎತ್ತಿ ಬೇರಿಗೆ ಒಂದೇಟು ಹಾಕಿದ. ಕತ್ತಿ ಗಾಜಿನ ಬಳೆಯ ಹಾಗೆ ಚೂರುಚೂರಾಯಿತು. ಕರಡಿ ಅವನ ಅಂಗಿಯ ಕೊರಳಪಟ್ಟಿ ಕಚ್ಚಿಕೊಂಡು ಬೆಟ್ಟದ ಬುಡಕ್ಕೆ ಎಸೆಯಿತು.

ಮೈಯೆಲ್ಲ ತರಚಿಕೊಂಡು ಕುಲುಮೆಗೆ ಬಂದವನಿಗೆ ಶಾಂತವ್ವ ಅರಿಸಿನ ಹಚ್ಚಿದಳು. ಯಾರೂ ಬೈಯಲಿಲ್ಲ. ರಾಜ ಅಗುಳಿಯ ಇನ್ನೊಂದು ತುಂಡನ್ನು ಬೆಂಕಿಗಿಟ್ಟ.

ಎರಡನೆಯ ಸಲ ದುಂಡಪ್ಪನಿಗೆ ಭಯ. ಮತ್ತೆ ಒಡೆದರೆ? ಅಲಗು ಹಣ್ಣುದಾಳಿಂಬೆಯ ಸಿಪ್ಪೆಯಷ್ಟು ಕೆಂಪಾಗುತ್ತಲೇ ತೆಗೆದು ಅದ್ದಿಬಿಟ್ಟ. ಬೆಟ್ಟ ಹತ್ತಿದ. ಬೇರಿಗೆ ಒಂದೇಟು ಹಾಕಿದ. ಕತ್ತಿ ಹಸಿ ಬಾಳೆಯೆಲೆಯ ಹಾಗೆ ಮಡಚಿಕೊಂಡಿತು. ಕರಡಿ ಮತ್ತೆ ಅವನನ್ನು ಕಚ್ಚಿ ಎತ್ತಿತು. ಆದರೆ ಎಸೆಯುವ ಮೊದಲು ಕಿವಿಯಲ್ಲಿ ಪಿಸುಗುಟ್ಟಿತು: "ಇನ್ನೂ ಒಳ್ಳೆಯದು ತಾರಪ್ಪಾ."

ತಿರುಗಿ ಬರುವಾಗ ದುಂಡಪ್ಪ ತೋಟಕ್ಕೆ ಹೋಗಿ ಅಕ್ಕನ ಮುಂದೆ ನಿಂತ. ಅವಳ ಕೂದಲು ಅರ್ಧ ಬೆಳ್ಳಗಾಗಿತ್ತು. ಚಾಚಿದ ಬೆರಳುಗಳ ಮುಂದೆ ಕನಕಾಂಬರ ಗಿಡ ತುಂಬಾ ಅರಳಿತ್ತು. ಅವನು ಕುಲುಮೆಗೆ ಬಂದು ಮೂಲೆಯಲ್ಲಿ ಕುಕ್ಕರಿಸಿದ.

"ನನ್ನಿಂದ ಆಗುವುದಿಲ್ಲ ಅಜ್ಜ. ಹೂವಿನ ಕೈ ಇದು. ವೀರಪ್ಪನೇ ಮಾಡಲಿ."

"ನಾನು ಮಾಡಿದರೆ ಬಳ್ಳಿಗೆ ಸಾರು ಬಡಿಸಬಹುದು ಅಷ್ಟೇ" ಎಂದ ರಾಜ.

ಅಳುತ್ತಿದ್ದ ದುಂಡಪ್ಪ ನಕ್ಕುಬಿಟ್ಟ. ಮೋನಾಚಾರಿ ಬಂದು ಅವನ ಪಕ್ಕದಲ್ಲಿ ನೆಲದ ಮೇಲೆ ಕೂತ. "ತಪ್ಪು ನನ್ನದೂ ಇದೆ ಮಗ. ಎಷ್ಟು ಕೆಂಪು ಅಂತ ನಾನು ಕಣ್ಣಲ್ಲಿ ಬಲ್ಲೆ, ಬಾಯಲ್ಲಿ ಹೇಳಲು ಬರುತ್ತಿಲ್ಲ. ಹಳದಿಯಲ್ಲ. ದಾಳಿಂಬೆಯ ಕೆಂಪೂ ಅಲ್ಲ. ಅವೆರಡರ ನಡುವೆ ಒಂದು..."

"ಕನಕಾಂಬರ?" ಎಂದ ದುಂಡಪ್ಪ.

ಮೋನಾಚಾರಿ ಕಣ್ಣು ಮುಚ್ಚಿ ಆ ಬಣ್ಣವನ್ನು ನೆನೆಸಿಕೊಂಡ. "ಅದೇ. ಅದೇ ಕಣೋ! ಎಣ್ಣೆಯಿಂದ ತೆಗೆದ ಮೇಲೆ ಅಲಗನ್ನು ಉಜ್ಜಿ ಹೊಳಪು ಮಾಡಿ, ಕೆಂಡದ ಮೇಲೆ ದೂರದಿಂದ ಮತ್ತೆ ಸ್ವಲ್ಪ ಬಿಸಿ ಮಾಡಬೇಕು. ಆಗ ಅದರ ಮೇಲೆ ಒಂದು ತೆಳು ಬಣ್ಣ ಹರಿದುಬರುತ್ತದೆ..."

"ಯಾವ ಹೂವಿನದು?"

"ಸಂಪಿಗೆಯದು! ಅಲ್ಲಿಗೆ ನಿಲ್ಲಿಸಬೇಕು. ಆಗ ಅಲಗು ಒಡೆಯುವುದೂ ಇಲ್ಲ, ಬಗ್ಗುವುದೂ ಇಲ್ಲ."

ಮೂರನೆಯ ಸಲ ದುಂಡಪ್ಪ ಅವಸರ ಮಾಡಲಿಲ್ಲ. ರಾಜ ತಿದಿ ಒತ್ತಿದ, ಶಾಂತವ್ವ ಇಕ್ಕಳ ಹಿಡಿದಳು, ದುಂಡಪ್ಪ ಬಡಿದ. ಕನಕಾಂಬರದ ಬಣ್ಣಕ್ಕೆ ಅಲಗು ಬಂದಾಗ ಅದ್ದಿದ. ಆಮೇಲೆ ಕೆಂಡದ ಮೇಲೆ ಹಿಡಿದು ಉಸಿರು ಬಿಗಿಹಿಡಿದು ಕಾದ. ಸಂಪಿಗೆಯ ಬಣ್ಣ ಬೆನ್ನಿನಿಂದ ಅಂಚಿಗೆ ಮೆಲ್ಲಗೆ ಹರಿದು ಬಂತು. ಎಲ್ಲರೂ ಒಟ್ಟಿಗೆ "ಸಾಕು!" ಎಂದರು. ಮೋನಾಚಾರಿ ಬೆನ್ನ ಹಿಂದೆ ಕಟ್ಟಿದ್ದ ಕೈ ಬಿಚ್ಚಿ ಕಣ್ಣೊರೆಸಿಕೊಂಡ.

ಬೆಟ್ಟದ ದಾರಿಯಲ್ಲಿ ಜರಿಪೇಟದ ರಾಜದೂತನೊಬ್ಬ ಎದುರಾದ. ಕೈಯಲ್ಲಿ ಮಡಚಿದ ಶಾಲು.

"ದುಂಡಾಚಾರ್ಯರೇ, ನಿಮ್ಮ ಕೈಚಳಕದ ಸುದ್ದಿ ದೂರ ದೂರ ಹಬ್ಬಿದೆ. ಮೂಡಣ ದೇಶದ ಮಹಾರಾಜರು ನಿಮ್ಮನ್ನು ಆಯುಧಶಾಲೆಯ ಮುಖ್ಯ ಕಮ್ಮಾರರನ್ನಾಗಿ ನೇಮಿಸಿದ್ದಾರೆ. ಈ ಶಾಲು ಹೊದ್ದುಕೊಳ್ಳಿ. ಇಂದಿನಿಂದ ಇದೇ ನಿಮ್ಮ ಕಸುಬು."

ದುಂಡಪ್ಪನ ಎದೆ ಉಬ್ಬಿತು. ಹಾವಿನಂಥ ಚಾಕು ಮಾಡುತ್ತಿದ್ದ ಅವನನ್ನು ಯಾರೂ ಆಚಾರ್ಯ ಎಂದು ಕರೆದಿರಲಿಲ್ಲ. ಶಾಲಿನ ಕಡೆಗೆ ಕೈ ಚಾಚಿಯೂ ಬಿಟ್ಟ. ಆದರೆ ಅವನಿಗೆ ಕುಲುಮೆ ನೆನಪಾಯಿತು. ಶಾಂತವ್ವನ ನಗು, ಮಂಡಕ್ಕಿ, "ಹೋದ ಸಲಕ್ಕಿಂತ ವಾಸಿ" ಎನ್ನುವ ಅಜ್ಜನ ದನಿ.

ಕೈ ಹಿಂದಕ್ಕೆ ತೆಗೆದುಕೊಂಡ. "ಬೇಡ ಸ್ವಾಮಿ. ನನ್ನ ಕಸುಬು ಹೂವಿನದು. ಇದನ್ನು ನಾನು ಆ ಜನರ ಜೊತೆ ಸೇರಿ ಸಂತೋಷಕ್ಕೆ ಮಾಡುತ್ತೇನೆ. ಹಾಗೇ ಇರಲಿ ಬಿಡಿ."

ದೂತ ಹಲ್ಲು ಕಡಿದ. ಜರಿಪೇಟ ಕರಗಿ ಎಲೆಗಳಾಯಿತು. ನಿಂತಿದ್ದವನು ಹಂಬುರಾಯ! ಆ ಶಾಲನ್ನು ಹೊದ್ದಿದ್ದರೆ ಕತ್ತಿ ಕಸುಬಿನದಾಗಿ ಅಲ್ಲೇ ಮೊಂಡಾಗುತ್ತಿತ್ತು.

"ಕರಡಿ, ಇವನನ್ನು ಸೀಳು!" ಎಂದು ಅಬ್ಬರಿಸಿದ.

ಮುಳ್ಳುಕರಡಿ ಹಾರಿಬಂತು. ಅದು ಹತ್ತಿರ ಬಂದಾಗ ದುಂಡಪ್ಪ ಕಂಡ: ಮುಳ್ಳುಗಳ ನಡುವೆ, ಕುತ್ತಿಗೆಗೆ ಬಳ್ಳಿಯ ಒಂದು ಕುಡಿ ಬಿಗಿದು ಮಾಂಸಕ್ಕೆ ಇಳಿದಿತ್ತು. ಕರಡಿಯ ಕಣ್ಣಲ್ಲಿ ನೀರಿತ್ತು. ಅವನು ಕರಡಿಯನ್ನು ಹೊಡೆಯಲಿಲ್ಲ. ಕತ್ತಿಯ ತುದಿಯನ್ನು ಕುಡಿಯ ಕೆಳಗೆ ತೂರಿಸಿ ಎಳೆದ. ಟಪ್ಪೆಂದು ಕುಡಿ ಹರಿಯಿತು. ಮುಳ್ಳುಗಳೆಲ್ಲ ಉದುರಿ, ಮೆತ್ತನೆಯ ಕಪ್ಪು ಕರಡಿಯೊಂದು ದಾರಿ ಬಿಟ್ಟು ಪಕ್ಕಕ್ಕೆ ಸರಿಯಿತು.

ದುಂಡಪ್ಪ ಬೇರಿನ ಮುಂದೆ ಕಾಲೂರಿ ನಿಂತ. ಒಂದೇಟು ಹಾಕಿದ, ಬೇರು ಸೀಳಿತು. ಇನ್ನೊಂದೇಟು ಹಾಕಿದ, ಬೆಟ್ಟ ನಡುಗಿತು. ಮತ್ತೊಂದೇಟಿಗೆ ಬೇರು ಎರಡು ತುಂಡಾಯಿತು!

ನಾಡಿನ ಉದ್ದಕ್ಕೂ ಹಬ್ಬಿದ್ದ ಬಳ್ಳಿ ಒಣಗಿ ಪುಡಿಯಾಯಿತು. ಕದ್ದ ಆಯುಸ್ಸು ಅವರವರಿಗೆ ಮರಳಿತು. ಹಂಬುರಾಯನ ಗಡ್ಡ ಬೆಳ್ಳಗಾಯಿತು, ಬೆನ್ನು ಬಾಗಿತು, ಒಂದು ಮಂತ್ರವೂ ನೆನಪಿಲ್ಲದ ಹಣ್ಣುಮುದುಕನಾಗಿ ಅವನು ನೆಲಕ್ಕೆ ಕುಸಿದ. "ಹಸಿವು" ಎಂದ. ದುಂಡಪ್ಪ ಅವನನ್ನು ಕರಡಿಯ ಬೆನ್ನ ಮೇಲೆ ಕೂರಿಸಿ ಊರಿಗೆ ಕರೆತಂದ. ಶಾಂತವ್ವ ಗೊಣಗುತ್ತಲೇ ಅವನಿಗೆ ಗಂಜಿ ಕೊಟ್ಟಳು.

ತೋಟದಲ್ಲಿ ನೀಲಕ್ಕ ಕಣ್ಣು ಬಿಟ್ಟಳು. ಕೂದಲು ಮತ್ತೆ ಕಪ್ಪಾಗಿತ್ತು. ಎದುರಿಗೆ ಮಸಿ ಮುಖದ, ಸುಟ್ಟ ಬೆರಳಿನ ತಮ್ಮ.

"ಇದೇನೋ ನಿನ್ನ ಅವತಾರ! ಕೈ ಸುಟ್ಟುಕೊಂಡೆಯಾ?" ಎಂದಳು. ದುಂಡಪ್ಪ ಅವಳ ಹೆಗಲ ಮೇಲೆ ಮುಖವಿಟ್ಟ.

ಶಾಪ ಮುರಿದು ನಾಡಿನ ಅಲಗುಗಳೆಲ್ಲ ಹರಿತವಾದವು. ಮೋನಾಚಾರಿ ಆ ದಿನವೇ ಕುಡುಗೋಲುಗಳನ್ನು ಬಡಿಯಲು ಕೂತ. ಅವನ ಸುತ್ತಿಗೆಯ ಸದ್ದು ಕೇಳಿ ಹೊಲದವರೆಲ್ಲ ಕುಲುಮೆಯ ಮುಂದೆ ಬಂದು ನಿಂತರು. ಇನ್ನು ತಮ್ಮ ಅಗತ್ಯ ಇಲ್ಲವೇನೋ ಎಂದು ದುಂಡಪ್ಪ, ಶಾಂತವ್ವ, ರಾಜ ಮೂವರೂ ಸದ್ದಿಲ್ಲದೆ ಹೊರಟಿದ್ದರು.

"ಎಲ್ಲಿಗೆ?" ಎಂದು ಮೋನಾಚಾರಿ ಒಳಗಿನಿಂದ ಕೂಗಿದ. "ಅಮಾವಾಸ್ಯೆಗೆ ತಪ್ಪಿಸಬೇಡಿ. ವೀರಪ್ಪ, ನಿನಗೆ ಇನ್ನೂ ಚಾಕು ಮಾಡಲು ಬಂದಿಲ್ಲ!"

ಮುಂದಿನ ಅಮಾವಾಸ್ಯೆಗೆ ನೀಲಕ್ಕನೂ ಸೆರಗು ಸಿಕ್ಕಿಸಿಕೊಂಡು ಬಂದಳು. ಅವಳ ಸುತ್ತಿಗೆಯ ಮೊದಲ ಏಟು ಕಬ್ಬಿಣ ಬಿಟ್ಟು ಅದರ ಕೆಳಗಿನ ಅಡೆಗಲ್ಲಿಗೆ ಬಿತ್ತು, ಎರಡನೆಯದು ನೆಲಕ್ಕೆ. "ಕಬ್ಬಿಣ ಎಲ್ಲಿದೆ ನೋಡಕ್ಕ" ಎಂದು ದುಂಡಪ್ಪ ಅವಳ ಕೈ ಹಿಡಿದು ತೋರಿಸಿದ. ಬಾಗಿಲಲ್ಲಿ ಕರಡಿ ಜೇನು ನೆಕ್ಕುತ್ತಾ ಕೂತಿತ್ತು. ಮಲ್ಲಿಗಾವತಿಯ ಹೊಲಗಳಲ್ಲಿ ಪೈರು ಕೊಯ್ಲಾಯಿತು, ಮನೆಮನೆಯಲ್ಲಿ ಒಲೆ ಉರಿಯಿತು, ಎಲ್ಲರೂ ಹೊಟ್ಟೆ ತುಂಬ ಉಂಡು, ಬಾಯಿ ತುಂಬ ನಕ್ಕು, ತಣ್ಣಗೆ ಬಾಳಿದರು.